ಚೀಲದಲ್ಲಿ ಬರುವ ಚಿನ್ನದ ಮಣ್ಣು: ಲೆಕ್ಕ ಯಾರ ಕಡೆಗಿದೆ?

2025ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಚಿನ್ನ ಟ್ರಾಯ್ ಔನ್ಸಿಗೆ (ಸುಮಾರು 31.1 ಗ್ರಾಂ) 3,000 ಡಾಲರ್ ದಾಟಿದ್ದೇ ದೊಡ್ಡ ಸುದ್ದಿಯಾಗಿತ್ತು. ಅಕ್ಟೋಬರ್ ಹೊತ್ತಿಗೆ ಅದು 4,000 ದಾಟಿತು. ಹತ್ತು ಗ್ರಾಂ ಅಪರಂಜಿ ಲಕ್ಷ ರೂಪಾಯಿಯ ಗೆರೆ ದಾಟಿ ನಮ್ಮ ಮದುವೆಮನೆಗಳ ಲೆಕ್ಕ ತಲೆಕೆಳಗಾದದ್ದೂ ಆ ವರ್ಷವೇ. ಹೀಗೆ ಬೆಲೆ ಏರಿದ ಕಾಲದಲ್ಲಿ ಅಮೆರಿಕ, ಕೆನಡಾಗಳ ಒಂದು ವಿಚಿತ್ರ ಸರಕು ಮೊಬೈಲಿನ ತೆರೆಯ ಮೇಲೆ ಕಣ್ಣಿಗೆ ಬೀಳುತ್ತದೆ. ಅದು ಮಣ್ಣು. ಅಲಾಸ್ಕಾದ್ದೋ ಯುಕಾನ್‌ದೋ ಕ್ಯಾಲಿಫೋರ್ನಿಯಾದ್ದೋ ಹೊಳೆಮಣ್ಣನ್ನು ಅರ್ಧ ಕಿಲೋ, ಒಂದು ಕಿಲೋ ಚೀಲದಲ್ಲಿ ತುಂಬಿ ಅಂಚೆಯಲ್ಲಿ ಕಳಿಸುತ್ತಾರೆ. ಕೊಂಡವರು ಮನೆಯಲ್ಲೇ ಟಬ್ಬಿನಲ್ಲಿ ನೀರಿಟ್ಟುಕೊಂಡು ತಟ್ಟೆಯಲ್ಲಿ ತೊಳೆಯುತ್ತಾರೆ. ತಳದಲ್ಲಿ ಹಳದಿ ಕಣಗಳು ಹೊಳೆಯುತ್ತವೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ.

ನೋಡಿದವರ ಮನಸ್ಸಿನಲ್ಲಿ ಎರಡು ಪ್ರಶ್ನೆ ಒಟ್ಟಿಗೇ ಏಳುತ್ತವೆ. ಇಷ್ಟು ದುಬಾರಿ ಕಾಲದಲ್ಲಿ ಮಣ್ಣಿನ ಬೆಲೆಗೆ ಚಿನ್ನ ಸಿಗುವುದಾದರೆ ಕೊಳ್ಳಬಾರದೇಕೆ? ಒಳಗೆ ನಿಜಕ್ಕೂ ಚಿನ್ನವಿದ್ದರೆ ಮಾರುವವನೇ ತೊಳೆದುಕೊಳ್ಳಬಾರದೇಕೆ? ಈ ಎರಡನೆಯ ಪ್ರಶ್ನೆಯನ್ನು ಕೊನೆಯವರೆಗೂ ಬಿಡದೆ ಹಿಡಿದುಕೊಂಡರೆ ಮೊದಲನೆಯದಕ್ಕೆ ಉತ್ತರ ತಾನಾಗಿ ಸಿಗುತ್ತದೆ.

ಜಾಲಿಸುವುದರ ಹಿಂದಿನ ಗುಟ್ಟು

ಇಂಗ್ಲಿಷಿನವರು ಇಂಥ ಮಣ್ಣನ್ನು ‘ಪೇ ಡರ್ಟ್’ ಎನ್ನುತ್ತಾರೆ. ತೊಳೆದ ಕೂಲಿ ಗಿಟ್ಟುವಂಥ ಮಣ್ಣು ಎಂದು ಅದರ ಅರ್ಥ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಚಿನ್ನದ ಶೋಧಕರ ಬಾಯಿಂದ ಬಂದ ಮಾತು. ಬೆಟ್ಟದ ಬಂಡೆಯೊಳಗಿನ ಚಿನ್ನದ ಎಳೆ ಮಳೆಗಾಳಿಗೆ ಸವೆದು, ಒಡೆದು, ಹಳ್ಳಕ್ಕೆ ಜಾರುತ್ತದೆ. ನೀರು ಹಗುರವಾದದ್ದನ್ನು ಮುಂದೆ ಒಯ್ಯುತ್ತದೆ, ಭಾರವಾದದ್ದನ್ನು ತಿರುವಿನಲ್ಲಿ, ಬಂಡೆಯ ಬಿರುಕಿನಲ್ಲಿ ಕೂರಿಸುತ್ತದೆ. ಚಿನ್ನ ಅದೇ ಗಾತ್ರದ ನೀರಿಗಿಂತ 19 ಪಟ್ಟು ತೂಕದ್ದು. ಮರಳಿನ ಕ್ವಾರ್ಟ್ಜ್ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು. ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ತುಂಬಿದ ಕಪ್ಪು ಮರಳು ಸುಮಾರು ಐದು ಪಟ್ಟು. ಹೀಗಾಗಿ ತಟ್ಟೆಯನ್ನು ನೀರಿನಲ್ಲಿ ಅಲುಗಾಡಿಸಿದರೆ ಮೊದಲು ಬಿಳಿ ಮರಳು ಹೋಗುತ್ತದೆ, ಆಮೇಲೆ ಕಪ್ಪು ಮರಳು, ಕೊನೆಗೆ ಚಿನ್ನ ಉಳಿಯುತ್ತದೆ.

ನಮ್ಮ ಅಡುಗೆಮನೆಗೆ ಇದು ಹೊಸದಲ್ಲ. ಅಕ್ಕಿಯಲ್ಲಿ ಕಲ್ಲಿದ್ದರೆ ನೀರಿನಲ್ಲಿ ಜಾಲಿಸುತ್ತಾರೆ. ಅಕ್ಕಿ ನೀರಿನೊಡನೆ ಆಚೆ ಪಾತ್ರೆಗೆ ಹೋಗುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಚಿನ್ನ ತೊಳೆಯುವುದೂ ಅದೇ ಕೈಚಳಕ. ಬೇಕಾದದ್ದು ಇಲ್ಲಿ ಕಲ್ಲಿನ ಜಾಗದಲ್ಲಿ ಕೂತಿರುತ್ತದೆ, ಅಷ್ಟೇ ವ್ಯತ್ಯಾಸ.

ಕಿಲೋ ಮಣ್ಣಿನಲ್ಲಿ ಎಷ್ಟು ಚಿನ್ನ?

ಎಲ್ಲ ಗೊಂದಲವೂ ಹುಟ್ಟುವುದು ಈ ಒಂದು ಅಂಕಿ ಗೊತ್ತಿಲ್ಲದಿರುವುದರಿಂದ. ಹೊಳೆಜಲ್ಲಿಯನ್ನು ದೊಡ್ಡ ಯಂತ್ರಗಳಿಟ್ಟು ತೊಳೆಯುವ ಗಣಿಗಾರನಿಗೆ ಒಂದು ಘನ ಮೀಟರ್ ಜಲ್ಲಿಯಲ್ಲಿ ಒಂದು ಗ್ರಾಂ ಚಿನ್ನ ಸಿಕ್ಕರೆ ಅದು ಒಳ್ಳೆಯ ನೆಲವೇ. ಘನ ಮೀಟರ್ ಒದ್ದೆ ಜಲ್ಲಿ ಎರಡು ಟನ್ನಿನ ಆಸುಪಾಸು ತೂಗುತ್ತದೆ. ಅಂದರೆ 2,000 ಕಿಲೋಗೆ ಒಂದು ಗ್ರಾಂ, ಒಂದು ಕಿಲೋಗೆ ಅರ್ಧ ಮಿಲಿಗ್ರಾಂ.

ಅರ್ಧ ಮಿಲಿಗ್ರಾಂ ಚಿನ್ನ ಒಂದೇ ಕಣವಾಗಿ ಸಿಕ್ಕರೂ ಚಿರೋಟಿ ರವೆಯ ಒಂದು ಕಾಳಿನಷ್ಟಿರುತ್ತದೆ. ಔನ್ಸಿಗೆ 4,000 ಡಾಲರ್ ಎಂದರೆ ಗ್ರಾಂಗೆ ಸುಮಾರು 128 ಡಾಲರ್. ಆ ದರದಲ್ಲೂ ಅದರ ಬೆಲೆ ಆರೇಳು ಸೆಂಟ್, ನಮ್ಮ ಐದಾರು ರೂಪಾಯಿ. ಒಂದು ಕಿಲೋ ಪೊಟ್ಟಣವನ್ನು ಅಂಚೆಯಲ್ಲಿ ಕಳಿಸುವ ಖರ್ಚಿಗೂ ಅದಕ್ಕೂ ತಾಳೆಯೇ ಇಲ್ಲ.

ಇಲ್ಲಿಂದ ಹೊರಡುವ ತೀರ್ಮಾನ ಒಂದೇ. ತೂಗಿ ಹೇಳುವಷ್ಟು ಚಿನ್ನ ಚೀಲದಲ್ಲಿದ್ದರೆ ಅದು ಹೊಳೆಯಿಂದ ಬಾಚಿ ಹಾಗೇ ತುಂಬಿದ ಮಣ್ಣಾಗಿರುವುದು ತೀರ ಅಪರೂಪ. ಒಂದೋ ಟನ್ನುಗಟ್ಟಲೆ ಜಲ್ಲಿಯನ್ನು ತೊಳೆದು ಉಳಿದ ಸಾರವನ್ನು ತುಂಬಿರುತ್ತಾರೆ. ಇಲ್ಲವೇ ಸಾಧಾರಣ ಮರಳಿಗೆ ತೂಕ ಹಾಕಿದ ಚಿನ್ನದ ಕಣಗಳನ್ನು ಆಮೇಲೆ ಬೆರೆಸಿರುತ್ತಾರೆ. ಎರಡರಲ್ಲೂ ಮಾರುವವನ ಕೈ ಕೊಳ್ಳುವವನಿಗಿಂತ ಮೊದಲೇ ಆ ಮಣ್ಣಿನಲ್ಲಿ ಆಡಿರುತ್ತದೆ.

ಬೆರೆಸುವುದೇ ಮೋಸವಲ್ಲ. ‘ಈ ಚೀಲಕ್ಕೆ ಇಂತಿಷ್ಟು ಚಿನ್ನ ಸೇರಿಸಿದ್ದೇವೆ’ ಎಂದು ಬಾಯಿಬಿಟ್ಟು ಹೇಳಿ ಮಾರುವವರು ಬಹಳ ಜನ ಇದ್ದಾರೆ. ಅದು ನೇರ ವ್ಯಾಪಾರ.

ನೂರು ಡಾಲರಿನ ಚೀಲ

ಲೆಕ್ಕಕ್ಕೆ ಒಂದು ಚೀಲ ಕಲ್ಪಿಸಿಕೊಳ್ಳೋಣ. ಬೆಲೆ 100 ಡಾಲರ್, ಒಳಗೆ ಕನಿಷ್ಠ 0.4 ಗ್ರಾಂ ಚಿನ್ನ ಎಂಬ ಭರವಸೆ. ನಮ್ಮ ಅಕ್ಕಸಾಲಿಗರ ಹಳೆಯ ಅಳತೆಯಲ್ಲಿ ಮೂರು ಗುಲಗಂಜಿಗಿಂತ ಸ್ವಲ್ಪ ಹೆಚ್ಚು. ಎಲ್ಲ ಕಣಗಳನ್ನೂ ಒಟ್ಟು ಮಾಡಿದರೆ ಒಂದೆರಡು ಅಕ್ಕಿಕಾಳಿನ ಗಾತ್ರ.

ಔನ್ಸಿಗೆ 4,000 ಡಾಲರಿನ ಪೇಟೆಯ ದರದಲ್ಲಿ 0.4 ಗ್ರಾಂಗೆ 51 ಡಾಲರ್ ಎನ್ನಿಸುತ್ತದೆ. ಆದರೆ ಪೇಟೆಯ ದರ ಅಪರಂಜಿಯದು. ಹೊಳೆಯ ಚಿನ್ನ ಅಪರಂಜಿಯಲ್ಲ, ಅದರಲ್ಲಿ ಬೆಳ್ಳಿ ಬೆರೆತೇ ಹುಟ್ಟಿರುತ್ತದೆ. ಒಂದೊಂದು ಹೊಳೆಯ ಚಿನ್ನ ಒಂದೊಂದು ಮಟ್ಟದ್ದು. ಯುಕಾನ್‌ನ ಕ್ಲಾಂಡೈಕ್ ಸೀಮೆಯದು ಬಹುಪಾಲು ಶೇ 80ರ ಆಚೀಚೆ, ಕ್ಯಾಲಿಫೋರ್ನಿಯಾದ್ದು ಸಾಮಾನ್ಯವಾಗಿ ಅದಕ್ಕಿಂತ ಮೇಲು. ಶೇ 85 ಎಂದು ಹಿಡಿದರೆ ಅಪ್ಪಟ ಚಿನ್ನ 0.34 ಗ್ರಾಂ, ಬೆಲೆ ಸುಮಾರು 44 ಡಾಲರ್. ಹೊಸಬರ ಕೈಯಲ್ಲಿ ತೊಳೆಯುವಾಗ ಹಿಟ್ಟಿನಂಥ ನುಣುಪು ಕಣಗಳು ನೀರಿನೊಡನೆ ಹೋಗುತ್ತವೆ. ಹತ್ತರಲ್ಲಿ ಒಂದು ಪಾಲು ಹೋಯಿತೆಂದರೂ 39 ಡಾಲರಿಗೆ ಇಳಿಯಿತು.

ಆ 39 ಡಾಲರನ್ನಾದರೂ ನಗದು ಮಾಡಿಕೊಳ್ಳಬಹುದೇ? ಚಿನ್ನ ಶುದ್ಧಿ ಮಾಡುವ ಕಾರ್ಖಾನೆಗೆ ಅರ್ಧ ಗ್ರಾಂ ಪುಡಿ ಒಂದು ಸರಕೇ ಅಲ್ಲ. ಕರಗಿಸುವ, ಮಟ್ಟ ನೋಡುವ ಖರ್ಚೇ ಅದನ್ನು ನುಂಗಿಬಿಡುತ್ತದೆ. ಆದ್ದರಿಂದ ಹೀಗೆ ತೊಳೆದ ಚಿನ್ನ ನೀರು ತುಂಬಿದ ಸಣ್ಣ ಗಾಜಿನ ಶೀಷೆಯೊಳಗೆ ಕಪಾಟು ಸೇರುವುದೇ ಹೆಚ್ಚು. ನೂರು ಡಾಲರ್ ಕೊಟ್ಟು ಕಾಗದದ ಮೇಲೆ ನಲವತ್ತು ಡಾಲರಿನ, ಕೈಗೆ ಹತ್ತಿದರೆ ಅದಕ್ಕಿಂತ ಕಡಿಮೆಯ ಮಾಲು.

ಇನ್ನೊಂದು ಸೂಕ್ಷ್ಮ. ಕಾಳಿನಂಥ ದಪ್ಪ ತುಣುಕುಗಳಿಗೆ, ಗಟ್ಟಿಗಳಿಗೆ ಆಭರಣ ಮಾಡುವವರಿಂದ, ಸಂಗ್ರಹಕಾರರಿಂದ ಪೇಟೆಯ ದರಕ್ಕಿಂತ ಹೆಚ್ಚು ಬೆಲೆ ಸಿಗುತ್ತದೆ. ಪುಡಿಗೆ ಸಿಗುವುದು ಪೇಟೆಯ ದರಕ್ಕಿಂತ ಕಡಿಮೆ. ಹಾಗಿದ್ದ ಮೇಲೆ ಬುದ್ಧಿಯಿರುವ ವ್ಯಾಪಾರಿ ಗಟ್ಟಿಗಳನ್ನು ಆರಿಸಿ ಬೇರೆಯೇ ಮಾರುತ್ತಾನೆ. ಪುಡಿಯನ್ನು ಎಲ್ಲಿ ಹಾಕಿದರೆ ಹೆಚ್ಚು ಗಿಟ್ಟುತ್ತದೆ ಎಂದು ಯೋಚಿಸುತ್ತಾನೆ. ಕಾರ್ಖಾನೆಗೆ ಕೊಟ್ಟರೆ 44 ಡಾಲರಿಗೂ ಕಡಿಮೆ ಬರುವ ಪುಡಿ, ಹಿಡಿ ಮರಳಿನೊಡನೆ ಚೀಲ ಸೇರಿದರೆ 100 ಡಾಲರ್ ತರುತ್ತದೆ. ‘ಅವನೇ ಏಕೆ ತೊಳೆದುಕೊಳ್ಳುವುದಿಲ್ಲ’ ಎಂಬುದಕ್ಕೆ ಉತ್ತರ ಇದೇ. ಅವನು ಆಗಲೇ ತೊಳೆದುಕೊಂಡಿದ್ದಾನೆ. ಈಗ ಮಾರುತ್ತಿರುವುದು ತೊಳೆಯುವ ಸುಖವನ್ನು.

ದರ ಏರಿದರೆ ಚೀಲ ಅಗ್ಗವಾಯಿತೇ?

ಸುದ್ದಿ ನೋಡಿ ಚೀಲ ಕೊಳ್ಳಹೊರಟವರ ತರ್ಕ ಹೀಗಿದೆ: ಚಿನ್ನ ಏರುತ್ತಿದೆ, ಚೀಲದ ಬೆಲೆ ಅಷ್ಟು ಬೇಗ ಏರುವುದಿಲ್ಲ, ಆದ್ದರಿಂದ ಈಗ ಕೊಂಡರೆ ಲಾಭ. ತರ್ಕದಲ್ಲಿ ಅರ್ಧ ಸತ್ಯವಿದೆ. 2024ರ ಆರಂಭದಲ್ಲಿ ಔನ್ಸಿಗೆ ಸುಮಾರು 2,000 ಡಾಲರ್ ಇದ್ದಾಗ ನಮ್ಮ ಕಲ್ಪನೆಯ ಚೀಲದ 0.4 ಗ್ರಾಂ ಹೊಳೆಚಿನ್ನಕ್ಕೆ 22 ಡಾಲರ್. 4,000ಕ್ಕೆ ಅದೇ ಚಿನ್ನಕ್ಕೆ 44 ಡಾಲರ್. ಆಗ ತುಂಬಿ ಹೊಲಿದಿಟ್ಟ ಚೀಲ ಹಳೆಯ ಬೆಲೆಗೇ ಸಿಕ್ಕರೆ ಕೊಂಡವನ ನಷ್ಟ ಕಡಿಮೆಯಾಗುತ್ತದೆ.

ಆದರೆ ಆ ಲೆಕ್ಕ ಮಾರುವವನಿಗೂ ಬರುತ್ತದೆ, ಕೊಳ್ಳುವವನಿಗಿಂತ ಮೊದಲೇ ಬರುತ್ತದೆ. ಅವನ ಮುಂದೆ ಮೂರು ದಾರಿ: ಬೆಲೆ ಏರಿಸುವುದು, ಚೀಲದೊಳಗಿನ ಚಿನ್ನ ಇಳಿಸುವುದು, ಭರವಸೆಯ ಮಾತನ್ನು ತೆಳುಮಾಡುವುದು. ಬೆಲೆ ಏರಿಸಿದರೆ ಗಿರಾಕಿ ಹಿಂಜರಿಯುತ್ತಾನೆ. ಬಿಸ್ಕತ್ತಿನ ಪೊಟ್ಟಣದ ಬೆಲೆ ಹಾಗೇ ಇದ್ದು ಒಳಗಿನ ತೂಕ ಇಳಿಯುವುದನ್ನು ನಾವೆಲ್ಲ ಕಂಡಿದ್ದೇವಲ್ಲ, ಇಲ್ಲೂ ಸುಲಭದ ದಾರಿ ಅದೇ. ಮೂರನೆಯದು ಇನ್ನೂ ಸುಲಭ. ‘ಕನಿಷ್ಠ 0.4 ಗ್ರಾಂ’ ಎನ್ನುವ ಕಡೆ ‘ಹೊಳೆಯುವ ಕಣಗಳು ಖಂಡಿತ’ ಎಂದರಾಯಿತು. ಕಣಕ್ಕೆ ತೂಕವಿಲ್ಲ, ಮಾತಿಗೂ ಇಲ್ಲ.

ಅಳತೆಯ ಹೆಸರಿನಲ್ಲೂ ಒಂದು ಬಲೆಯಿದೆ. ಈ ವ್ಯಾಪಾರದಲ್ಲಿ ‘ಗ್ರೇನ್’ ಎಂಬ ಹಳೆಯ ಇಂಗ್ಲಿಷ್ ಅಳತೆ ಇನ್ನೂ ಚಾಲ್ತಿಯಲ್ಲಿದೆ. ಒಂದು ಗ್ರೇನ್ ಎಂದರೆ 0.065 ಗ್ರಾಂ ಸಹ ಇಲ್ಲ. ಗ್ರಾಮಿಗೆ ಹದಿನೈದು ಗ್ರೇನ್‌ಗೂ ಹೆಚ್ಚು. ‘5 ಗ್ರೇನ್’ ಎಂದು ಬರೆದದ್ದನ್ನು ಅವಸರದ ಕಣ್ಣು 5 ಗ್ರಾಂ ಎಂದು ಓದಿದರೆ 0.32 ಗ್ರಾಂ ಕೊಂಡು 600 ಡಾಲರಿನ ಕನಸು ಕಂಡಂತೆ. ಇದರಲ್ಲಿ ಮಾರುವವನ ತಪ್ಪಿಲ್ಲ, ಆದರೆ ಈ ಗೊಂದಲದಿಂದ ಅವನಿಗೆ ನಷ್ಟವೂ ಇಲ್ಲ.

‘ಯಾರೂ ಹುಡುಕದ ಮಣ್ಣು’

ವಾದ ಕಾವೇರುವುದು ಈ ಒಂದು ಮಾತಿನ ಸುತ್ತ. ಕೆಲವರು ತಮ್ಮ ಮಣ್ಣನ್ನು ಯಾರೂ ತೊಳೆದಿಲ್ಲ, ಯಾರೂ ಹುಡುಕಿಲ್ಲ, ಏನನ್ನೂ ಬೆರೆಸಿಲ್ಲ ಎಂದು ಹೇಳಿ ಹೆಚ್ಚಿನ ಬೆಲೆಗೆ ಮಾರುತ್ತಾರೆ. ಅದನ್ನು ಬಯಸುವವರ ಆಸೆ ಅರ್ಥವಾಗುವಂಥದ್ದೇ. ಬೆರೆಸಿದ ಚೀಲದಲ್ಲಿ ಸಿಗುವುದು ಮಾರುವವನು ಇಟ್ಟದ್ದು ಮಾತ್ರ. ಮುಟ್ಟದ ಮಣ್ಣಿನಲ್ಲಿ ಪ್ರಕೃತಿ ಏನಿಟ್ಟಿದೆಯೋ ಯಾರು ಬಲ್ಲರು, ಬೆರಳಿನಷ್ಟು ಗಟ್ಟಿಯೇ ಇರಬಹುದಲ್ಲ?

ಮೇಲಿನ ಅರ್ಧ ಮಿಲಿಗ್ರಾಂ ಲೆಕ್ಕವನ್ನು ಇದರ ಪಕ್ಕದಲ್ಲಿಡಿ. ನಿಜಕ್ಕೂ ಮುಟ್ಟದ ಮಣ್ಣಾದರೆ ಕಿಲೋದಲ್ಲಿ ಸಿಗುವುದು ಕೆಲವು ರೂಪಾಯಿಯ ಚಿನ್ನ. ಹಾಗಿದ್ದೂ ಪ್ರತಿ ಚೀಲದಲ್ಲೂ ತಪ್ಪದೆ ತೂಗುವಷ್ಟು ಚಿನ್ನ ಸಿಗುತ್ತಿದ್ದರೆ ಅದು ಮುಟ್ಟದ ಮಣ್ಣಲ್ಲ. ಎರಡು ಮಾತೂ ಒಟ್ಟಿಗೆ ನಿಜವಾಗಬೇಕಾದರೆ ಗಣಿಗಾರರಿಗೂ ತೀರ ಅಪರೂಪವಾದಂಥ ನೆಲ ಆ ವ್ಯಾಪಾರಿಗೆ ಸಿಕ್ಕಿರಬೇಕು. ಅಂಥ ನೆಲ ಸಿಕ್ಕವನು ಚೀಲ ಹೊಲಿಯುತ್ತಾ ಕೂರುವುದಿಲ್ಲ, ಅಗೆಯುವ ಯಂತ್ರ ತರುತ್ತಾನೆ.

ಬೆರೆಸಿದ್ದನ್ನು ಬೆರೆಸಿಲ್ಲ ಎನ್ನುವ ಚಾಳಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕೆನಡಾದ ಬ್ರೀ-ಎಕ್ಸ್ ಕಂಪನಿಯ ಕಥೆ ಸಾಕು. ಇಂಡೊನೇಷ್ಯಾದ ಬುಸಾಂಗ್ ಎಂಬಲ್ಲಿ ಭಾರಿ ನಿಕ್ಷೇಪ ಸಿಕ್ಕಿದೆಯೆಂದು ಹೇಳಿ ಆ ಕಂಪನಿಯ ಷೇರು ನೂರಾರು ಕೋಟಿ ಡಾಲರ್ ಮೌಲ್ಯಕ್ಕೆ ಏರಿತ್ತು. 1997ರಲ್ಲಿ ಸ್ವತಂತ್ರ ಪರೀಕ್ಷೆ ನಡೆದಾಗ ಬಂಡೆಯ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದು ಬಯಲಾಯಿತು. ಸುಳಿವು ಕೊಟ್ಟದ್ದು ಕಣಗಳ ಆಕಾರ. ಬಂಡೆಯೊಳಗಿನ ಚಿನ್ನಕ್ಕೆ ಇರಬೇಕಾದ ಒರಟು ಅಂಚು ಅವಕ್ಕಿರಲಿಲ್ಲ. ಹೊಳೆಯಲ್ಲಿ ಉರುಳಿದ ಚಿನ್ನದಂತೆ ದುಂಡಗಿದ್ದವು. ಅಂಚೆಯ ಚೀಲದಲ್ಲಿ ಈ ಸುಳಿವೂ ಸಿಗುವುದಿಲ್ಲ. ಹೊಳೆಯ ಮರಳಿಗೆ ಬೆರೆಸುವುದು ಹೊಳೆಯ ಚಿನ್ನವನ್ನೇ. ಯಾವ ಹೊಳೆಯದೆಂದು ಪತ್ತೆಹಚ್ಚಲು ಪ್ರಯೋಗಾಲಯವೇ ಬೇಕು, ಅದರ ಶುಲ್ಕದಲ್ಲಿ ಇನ್ನಷ್ಟು ಚೀಲ ಬರುತ್ತವೆ.

ವಿಡಿಯೊ ವಿಮರ್ಶೆಗಳನ್ನು ನಂಬಬಹುದೇ? ಇಲ್ಲೂ ಕಾರಣ-ಪರಿಣಾಮ ನೋಡಬೇಕು. ಚೀಲ ಯಾವ ವಿಳಾಸಕ್ಕೆ ಹೋಗುತ್ತಿದೆ ಎಂಬುದು ಕಳಿಸುವವನಿಗೆ ಗೊತ್ತು. ಲಕ್ಷ ಜನ ನೋಡುವವರ ಮನೆಗೆ ಹೋಗುವ ಚೀಲದಲ್ಲಿ ಒಂದು ಚಿಟಿಕೆ ಹೆಚ್ಚು ಬೀಳುವುದಕ್ಕೆ ದೊಡ್ಡ ಸಂಚೇನೂ ಬೇಕಿಲ್ಲ. ವಿಮರ್ಶಕ ಚೀಲವನ್ನು ಉಚಿತವಾಗಿ ಪಡೆದಿದ್ದರೆ ಹಾಗೆಂದು ಹೇಳಬೇಕೆನ್ನುತ್ತದೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್. ನಕಲಿ ವಿಮರ್ಶೆಗಳ ವಿರುದ್ಧದ ಅದರ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೂ ಬಂದಿದೆ. ಆದರೆ ವಿಮರ್ಶಕ ಪೂರ್ಣ ಪ್ರಾಮಾಣಿಕನಾಗಿದ್ದರೂ ಅವನ ಚೀಲ ನಿಮ್ಮ ಚೀಲವಲ್ಲ.

ತೊಳೆಯುವ ಮಣ್ಣಿನ ಅಸಲಿ ವ್ಯಾಪಾರ

ಮಣ್ಣು ಕೊಂಡು ತೊಳೆದು ಬದುಕಿದವರೇ ಇಲ್ಲವೇ? ಇದ್ದರು, ಇದ್ದಾರೆ. ಅದನ್ನು ನೋಡಿದರೆ ಚೀಲದ ವ್ಯಾಪಾರ ಎಲ್ಲಿ ಉಲ್ಟಾ ಆಗಿದೆಯೆಂದು ಕಾಣುತ್ತದೆ.

ಕನ್ನಡದಲ್ಲಿ ಜಲಗಾರ, ಜಾಲಗಾರ ಎಂಬ ಮಾತಿಗೆ ಗುಡಿಸುವವನು ಎಂಬ ಅರ್ಥದ ಜೊತೆಗೆ ಹೊಳೆಮರಳನ್ನೂ ಅಕ್ಕಸಾಲೆಯ ದೂಳನ್ನೂ ತೊಳೆದು ಚಿನ್ನ ತೆಗೆಯುವವನು ಎಂಬ ಅರ್ಥವೂ ಇದೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆ ಇಳಿದ ಮೇಲೆ ಚಿನ್ನ ತೊಳೆಯುತ್ತಿದ್ದ ಜಾಲಗಾರರನ್ನು ಹತ್ತೊಂಬತ್ತನೇ ಶತಮಾನದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಾಖಲಿಸಿದ್ದಾನೆ. ಊರೊಳಗೆ ಇದೇ ಕಸುಬಿನ ಇನ್ನೊಂದು ರೂಪ ಅಕ್ಕಸಾಲೆಗಳ ದೂಳು. ಅರ ಉಜ್ಜುವಾಗ, ತಂತಿ ಎಳೆಯುವಾಗ ಉದುರುವ ಕಣ ನೆಲದ ದೂಳಿಗೆ, ಚಾಪೆಗೆ, ಕೈತೊಳೆದ ನೀರಿಗೆ ಸೇರುತ್ತದೆ. ಅದನ್ನು ಗುಡಿಸಿಟ್ಟು ಅಂದಾಜಿನ ಮೇಲೆ ಮಾರುತ್ತಾರೆ. ಮುಂಬೈಯ ಝವೇರಿ ಬಜಾರಿನಲ್ಲಿ ಚರಂಡಿಯ ಹೂಳನ್ನು ಘಮೇಲಾ ಎಂಬ ಅಗಲ ಬೋಗುಣಿಯಲ್ಲಿ ತೊಳೆಯುವವರದ್ದೇ ಒಂದು ಸಮುದಾಯವಿದೆ. ಬೆಂಗಳೂರಿನ ನಗರ್ತಪೇಟೆಯ ಓಣಿಗಳೂ ಇಂಥವರನ್ನು ಕಂಡಿವೆ.

ಅಕ್ಕಸಾಲಿಗ ಆ ದೂಳನ್ನು ತಾನೇ ತೊಳೆಯುವುದಿಲ್ಲ, ಏಕೆಂದರೆ ಅವನ ಒಂದು ಗಂಟೆಯ ದುಡಿಮೆ ಅದಕ್ಕಿಂತ ಬೆಲೆಯದು. ತೊಳೆಯುವವನಿಗೆ ಕೈಚಳಕವಿದೆ, ಸಮಯವಿದೆ, ದೂಳು ನೋಡಿ ಅಂದಾಜು ಹೇಳುವ ಕಣ್ಣಿದೆ. ಒಳಗೆಷ್ಟಿದೆ ಎಂಬುದು ಮಾರುವವನಿಗೂ ಖಚಿತವಿಲ್ಲ. ಕೊಳ್ಳುವವನ ಅಂದಾಜೇ ಹಲವು ಸಲ ಮೇಲು. ಇಬ್ಬರಿಗೂ ಗಿಟ್ಟುವ ವ್ಯಾಪಾರ ಹೀಗೆ ಹುಟ್ಟುತ್ತದೆ.

ಅಂಚೆಯ ಚೀಲದಲ್ಲಿ ಈ ಪ್ರತಿಯೊಂದೂ ತಿರುಗುಮುರುಗು. ಮಾರುವವನಿಗೆ ಮಿಲಿಗ್ರಾಂ ತನಕ ಗೊತ್ತು, ಕೊಳ್ಳುವವನಿಗೆ ಏನೂ ಗೊತ್ತಿಲ್ಲ. ಕೈಚಳಕ ಮಾರುವವನದು. ಸಮಯದ ಬೆಲೆ ನೋಡಿದರೆ ಕಚೇರಿ ಮುಗಿಸಿ ಬಂದು ಟಬ್ಬಿನ ಮುಂದೆ ಕೂರುವ ಕೊಳ್ಳುವವನದೇ ದುಬಾರಿ.

ಕೋಲಾರದ ಕಡೆಯ ಒಂದು ಪ್ರಸಂಗವೂ ಇಲ್ಲಿ ನೆನಪಾಗುತ್ತದೆ. 1802ರಲ್ಲಿ ಮೈಸೂರು ಸೀಮೆಯ ಗಡಿಯ ಅಳತೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಆ ಭಾಗದಲ್ಲಿ ಚಿನ್ನವಿದೆಯೆಂಬ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಹೇಳಿದ. ಹಳ್ಳಿಗರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದರು. ಚಿನ್ನದ ಕಣ ಕಂಡವು. ಅದೂ ಮನೆಬಾಗಿಲಿಗೆ ಬಂದ ಚಿನ್ನದ ಮಣ್ಣೇ. ಆದರೆ ವಾರೆನ್ ಮೊದಲು ತೊಳೆಸಿ ನೋಡಿದ, ಬಹುಮಾನ ಕೊಡುವುದು ಆಮೇಲಿನದು.

ಅದೃಷ್ಟದ ಚೀಲ

ಕೆಲವರು ನೂರಾರು ಚೀಲಗಳ ನಡುವೆ ಒಂದೆರಡರಲ್ಲಿ ದೊಡ್ಡ ಗಟ್ಟಿ ಇಟ್ಟು ಮಾರುತ್ತಾರೆ. ಜಾಹೀರಾತಿನಲ್ಲಿ ಹೇಳುವುದು ಸರಾಸರಿಯನ್ನು. ಉದಾಹರಣೆಗೆ 100 ಚೀಲಕ್ಕೆ ಒಟ್ಟು 40 ಗ್ರಾಂ. ಅದರಲ್ಲಿ 10 ಗ್ರಾಂ ಒಂದೇ ಚೀಲದಲ್ಲಿದ್ದರೆ ಉಳಿದ 99 ಚೀಲಕ್ಕೆ ಬರುವುದು ತಲಾ 0.3 ಗ್ರಾಂ. ಸರಾಸರಿ 0.4 ಎಂಬ ಮಾತು ಸುಳ್ಳಲ್ಲ, ಆದರೂ ನೂರರಲ್ಲಿ ತೊಂಬತ್ತೊಂಬತ್ತು ಜನಕ್ಕೆ ಸರಾಸರಿಗಿಂತ ಕಡಿಮೆ.

ಕಾನೂನಿನ ಗೆರೆ ಇಲ್ಲಿ ಹತ್ತಿರ ಬರುತ್ತದೆ. ಹಣ ಕೊಟ್ಟು, ಅದೃಷ್ಟದ ಮೇಲೆ, ಬಹುಮಾನಕ್ಕಾಗಿ ಆಡುವುದು ಲಾಟರಿ ಎನ್ನುತ್ತದೆ ಅಮೆರಿಕದ ಸಾಮಾನ್ಯ ಕಾನೂನು ತಿಳಿವಳಿಕೆ. ಮೂರೂ ಒಟ್ಟಿಗೆ ಸೇರಿದರೆ ರಾಜ್ಯಗಳ ಜೂಜಿನ ಕಾಯ್ದೆ ಎದುರಾಗಬಹುದು. ಮಾರುವವರ ಉತ್ತರ, ‘ಪ್ರತಿ ಚೀಲದಲ್ಲೂ ಚಿನ್ನವಿದೆ, ಬರಿಗೈಯಲ್ಲಿ ಯಾರೂ ಹೋಗುವುದಿಲ್ಲ.’ ಚಿನ್ನದ ದರ ಮೇಲೇ ಉಳಿದರೆ ಈ ಬಗೆಯ ಚೀಲಗಳೇ ಹೆಚ್ಚಾಗುವ ಸಂಭವವಿದೆ. ಎಲ್ಲರಿಗೂ ಅರ್ಧ ಗ್ರಾಂ ಹಂಚುವುದಕ್ಕಿಂತ ಒಬ್ಬನಿಗೆ ಗಟ್ಟಿ ಕೊಟ್ಟು ಅದರ ವಿಡಿಯೊ ಹರಡುವುದು ಅಗ್ಗ.

ಆಟ ಎನ್ನುವವರ ಪಕ್ಷ

ಇಷ್ಟಾದರೂ ಹವ್ಯಾಸಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಅವರ ಮಾತು: ಮೀನು ಹಿಡಿಯಲು ಹೋದವನನ್ನು ಸಂತೆಯಲ್ಲಿ ಮೀನು ಅಗ್ಗ ಎಂದು ಯಾರೂ ಹೀಯಾಳಿಸುವುದಿಲ್ಲ. ಹೊಳೆಯಲ್ಲಿ ಚಿನ್ನವೇ ಇಲ್ಲದ ಬಯಲುಸೀಮೆಯ ರಾಜ್ಯದವರಿಗೆ, ಆರು ತಿಂಗಳು ಹಳ್ಳವೆಲ್ಲ ಹಿಮಗಟ್ಟುವ ಊರಿನವರಿಗೆ ಚೀಲವೇ ಹೊಳೆ. ನಮ್ಮ ನೂರು ಡಾಲರ್ ಚೀಲದಲ್ಲಿ ಚಿನ್ನದ ಪಾಲು ಕಳೆದರೆ ಉಳಿಯುವ ಐವತ್ತಾರು ಡಾಲರ್ ಒಂದೆರಡು ಸಂಜೆಯ ಖುಷಿಯ ಖರ್ಚು. ಹೊರಗೆ ಊಟ, ಸಿನಿಮಾ ಎಂದರೂ ಅಷ್ಟಾಗುತ್ತದಲ್ಲ?

ಕಲಿಯುವವರಿಗಂತೂ ತೂಕ ಹೇಳಿ ಬೆರೆಸಿದ ಚೀಲ ನಿಜಕ್ಕೂ ಉಪಯೋಗದ್ದು. 0.4 ಗ್ರಾಂ ಹಾಕಿದ್ದರಲ್ಲಿ 0.3 ಸಿಕ್ಕರೆ ಕಾಲು ಭಾಗ ಕೈಜಾರಿತೆಂದು ಗೊತ್ತಾಗುತ್ತದೆ. ಹೊಳೆಯ ಮಣ್ಣು ಈ ಪಾಠ ಕಲಿಸದು, ಅಲ್ಲಿ ಎಷ್ಟಿತ್ತೆಂದೇ ತಿಳಿಯುವುದಿಲ್ಲವಲ್ಲ. ಹಾಗೆ ಅಳೆಯಬೇಕಾದರೆ ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ಮಣ್ಣನ್ನು ಮೊದಲು ಜರಡಿ ಹಿಡಿದು ಗಾತ್ರವಾರು ಬೇರೆ ಮಾಡಬೇಕು. ತೊಳೆಯುವ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಬೇಕು, ಇಲ್ಲದಿದ್ದರೆ ನುಣುಪು ಚಿನ್ನ ನೀರಿನ ಮೇಲೇ ತೇಲಿ ಹೋಗುತ್ತದೆ. ಉಳಿದ ಕಪ್ಪು ಮರಳನ್ನು ಒಣಗಿಸಿ ಅಯಸ್ಕಾಂತದಿಂದ ಎಳೆದು ತೆಗೆಯಬೇಕು. ಹೊಳೆದದ್ದೆಲ್ಲ ಚಿನ್ನವೇ ಎಂಬ ಅನುಮಾನಕ್ಕೆ ಸೂಜಿಯ ಮೊನೆ ಸಾಕು: ಒತ್ತಿದರೆ ಚಿನ್ನ ತಗ್ಗುತ್ತದೆ, ಚಿನ್ನದಂತೆ ಹೊಳೆಯುವ ಪೈರೈಟ್ ಖನಿಜ ಪುಡಿಯಾಗುತ್ತದೆ, ಅಭ್ರಕ ಪದರ ಬಿಡುತ್ತದೆ.

ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳಿಗೆ ಈ ವಿಷಯ ಹೆಚ್ಚಾಗಿ ಬರುವುದು ಮಕ್ಕಳ ಶಾಲೆಯ ಮೂಲಕ. ಅಲ್ಲಿ ನಾಲ್ಕನೆಯ ತರಗತಿಯಲ್ಲಿ ರಾಜ್ಯದ ಇತಿಹಾಸ, ಅದರಲ್ಲಿ 1848ರ ಜನವರಿ 24ರಂದು ಜೇಮ್ಸ್ ಮಾರ್ಷಲ್ ಕೊಲೋಮಾದಲ್ಲಿ ಚಿನ್ನ ಕಂಡ ಪಾಠ ಬರುತ್ತದೆ. ಮಗುವಿಗೆ ತೋರಿಸಲು ಚೀಲ ತರಿಸುವ ಮುಂಚೆ ಯೋಚಿಸಬೇಕಾದದ್ದು ಇಷ್ಟು: ಆ ಕೊಲೋಮಾ ಸ್ಯಾಕ್ರಮೆಂಟೊದಿಂದ ಸುಮಾರು ಒಂದು ಗಂಟೆಯ ದಾರಿ. ಅಲ್ಲಿನ ರಾಜ್ಯ ಉದ್ಯಾನದಲ್ಲಿ ಗೊತ್ತುಮಾಡಿದ ಜಾಗದಲ್ಲಿ ಯಾರು ಬೇಕಾದರೂ ಹೊಳೆಯ ಮರಳು ತೊಳೆಯಬಹುದು. ನಿಯಮ ಸರಳ, ಕೈ ಮತ್ತು ತಟ್ಟೆ ಮಾತ್ರ, ಸಲಿಕೆಗೂ ಯಂತ್ರಕ್ಕೂ ಅವಕಾಶವಿಲ್ಲ. ಸಿಗುವುದು ಚುಕ್ಕೆಯಷ್ಟೇ ಇರಬಹುದು, ಏನೂ ಸಿಗದೆಯೂ ಇರಬಹುದು. ಆದರೆ ಆ ಚುಕ್ಕೆಯನ್ನು ಯಾರೂ ಇಟ್ಟಿರುವುದಿಲ್ಲ.

ಕೊಳ್ಳಲೇಬೇಕೆಂದರೆ ಕನಿಷ್ಠ ತೂಕವನ್ನು ಗ್ರಾಂನಲ್ಲಿ ಬರೆದು ಕೊಡುವ, ಬೆರೆಸಿದ್ದೇವೆಂದು ಒಪ್ಪಿಕೊಳ್ಳುವ ಚೀಲವನ್ನು ಕೊಳ್ಳುವುದು ಸರಿ. ‘ಯಾರೂ ಹುಡುಕದ’ ಎಂಬ ಮಾತಿಗೆ ಹೆಚ್ಚಿನ ಹಣ ತೆರುವುದು ಶುದ್ಧ ನಷ್ಟ.

ಭಾರತಕ್ಕೆ ತರಿಸಬಹುದೇ?

ಸುಲಭವಿಲ್ಲ. ಮಣ್ಣಿನೊಡನೆ ರೋಗಾಣು, ಕೀಟ, ಕಳೆಬೀಜ ಬರುತ್ತವೆಂಬ ಕಾರಣಕ್ಕೆ 2003ರ ಸಸ್ಯ ಸಂಪರ್ಕನಿಷೇಧ (ಕ್ವಾರಂಟೈನ್) ಆದೇಶದ ಪ್ರಕಾರ ಹೊರದೇಶದ ಮಣ್ಣಿನ ಆಮದಿಗೆ ವಿಶೇಷ ಪರವಾನಗಿ ಬೇಕು. ಹವ್ಯಾಸಕ್ಕೆ ತರಿಸಿದ ಪೊಟ್ಟಣ ಕಸ್ಟಮ್ಸ್‌ನಲ್ಲೇ ನಿಲ್ಲುವ ಸಂಭವ ಹೆಚ್ಚು. ಇಲ್ಲಿನ ಹೊಳೆಯಲ್ಲಿ ವ್ಯಾಪಾರಕ್ಕೆಂದು ಚಿನ್ನ ತೆಗೆಯುವುದಕ್ಕೂ 1957ರ ಗಣಿ ಮತ್ತು ಖನಿಜ ಕಾಯ್ದೆಯ ಅಡಿ ಗುತ್ತಿಗೆ ಬೇಕು. ಅಮೆರಿಕದ ಸಾರ್ವಜನಿಕ ನೆಲದಲ್ಲಿ 1872ರ ಗಣಿ ಕಾನೂನಿನಿಂದಾಗಿ ಅಲ್ಲಿನ ನಾಗರಿಕ ತಾನೇ ಗೂಟ ನೆಟ್ಟು ಹಕ್ಕು ಹೇಳುವಂಥ ಪದ್ಧತಿ ನಮ್ಮಲ್ಲಿಲ್ಲ.

ಹಾಗಾದರೆ ನಮ್ಮದೇ ಕೆಜಿಎಫ್ ಮಣ್ಣು? 2001ರಲ್ಲಿ ಮುಚ್ಚಿದ ಆ ಗಣಿಗಳ ಸುತ್ತ ಸೈನೈಡ್ ಗುಡ್ಡಗಳಿವೆ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಬಂಡೆಪುಡಿಯ ರಾಶಿಗಳು. ಅಂಥ 13 ಗುಡ್ಡಗಳಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಾಗ ‘ಕೆಜಿಎಫ್ ಮಣ್ಣಲ್ಲಿ ಇನ್ನೂ ಚಿನ್ನ’ ಎಂಬ ಮಾತು ಎಲ್ಲೆಡೆ ಓಡಾಡಿತು. ಲೆಕ್ಕ ಹೀಗಿದೆ: ಸುಮಾರು 3.3 ಕೋಟಿ ಟನ್ ಪುಡಿ, ಟನ್ನಿಗೆ ಸುಮಾರು 0.7 ಗ್ರಾಂ, ಒಟ್ಟು 23 ಟನ್ನಿನಷ್ಟು ಚಿನ್ನ. ಗ್ರಾಂಗೆ 12,000 ರೂಪಾಯಿ ಎಂದು ಹಿಡಿದರೆ ಒಂದು ಕಿಲೋ ಪುಡಿಯಲ್ಲಿರುವುದು ಎಂಟು ರೂಪಾಯಿಯ ಚಿನ್ನ. ಕೋಟಿಗಟ್ಟಲೆ ಟನ್ನನ್ನು ಒಟ್ಟಿಗೆ ರಾಸಾಯನಿಕದಲ್ಲಿ ಕರಗಿಸಿ ತೆಗೆಯುವವರಿಗೆ ಮಾತ್ರ ಆ ಎಂಟು ರೂಪಾಯಿ ಗಿಟ್ಟಬಹುದು. ಚೀಲದಲ್ಲಿ ತುಂಬಿ ತಂದವರಿಗಲ್ಲ. ಆ ಬಂಡೆಯನ್ನು ಗಣಿಯವರು ಆಗಲೇ ಹಿಟ್ಟಾಗಿ ಅರೆದು, ಸೈನೈಡ್‌ನಲ್ಲಿ ನೆನೆಸಿ, ತೆಗೆಯಬಹುದಾದದ್ದನ್ನೆಲ್ಲ ತೆಗೆದಿದ್ದಾರೆ. ಉಳಿದದ್ದು ಮರಳಿನ ಕಣದೊಳಗೇ ಸಿಕ್ಕಿಕೊಂಡಿರುವ ಚಿನ್ನ. ತಟ್ಟೆಯಲ್ಲಿ ಎಷ್ಟು ಹೊತ್ತು ಜಾಲಿಸಿದರೂ ಅದು ಮರಳಿನೊಡನೆಯೇ ಹರಿದುಹೋಗುತ್ತದೆ.